ಅಕ್ಕಾ, ಆಫೀಸ್ ಕಾಲ್‌ಗೆ ಯಾವ ಹೆಡ್‌ಸೆಟ್ ತಗೊಳ್ಳಲಿ?

ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಚಿಕ್ಕಮ್ಮನ ಮಗಳು ಕೇಳಿದ್ದಾಳೆ, ಹಳೆಯ ಸಹೋದ್ಯೋಗಿಗಳು ಕೇಳಿದ್ದಾರೆ, ಮೊನ್ನೆ ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದರು. 2020ರಲ್ಲಿ ಬೆಂಗಳೂರಿನಿಂದ ಸಾಗರಕ್ಕೆ ವಾಪಸ್ ಬಂದವಳು ನಾನು. ಅಂದಿನಿಂದ ಮನೆಯಿಂದಲೇ ಕೆಲಸ. ಕಂಪನಿಗಳ ಸಂಬಳದ ಲೆಕ್ಕದ ಕೆಲಸವಾದ್ದರಿಂದ ದಿನಕ್ಕೆ ನಾಲ್ಕೈದು ಗಂಟೆ ವಿಡಿಯೋ ಕಾಲ್‌ನಲ್ಲೇ ಇರುತ್ತೇನೆ. ಹಾಗಾಗಿ ಕೇಳುತ್ತಾರೆ.

ನನ್ನ ಉತ್ತರ ಒಂದೇ ಸಾಲಿನದ್ದು: ಬಾಯಿಯ ಹತ್ತಿರ ಬರುವ ಕಡ್ಡಿ ಮೈಕ್ ಇರಬೇಕು, ತೂಕ 200 ಗ್ರಾಂ ಒಳಗಿರಬೇಕು, ಜೊತೆಗೆ ಯುಎಸ್‌ಬಿ ಡಾಂಗಲ್ (ಹೆಡ್‌ಸೆಟ್ ಜೋಡಿಸಲು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ತುಂಡು) ಬರಬೇಕು. ಹಾಡು ಹೇಗೆ ಕೇಳಿಸುತ್ತದೆ ಅನ್ನೋದು ಆಮೇಲಿನ ಮಾತು.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಮೊದಲ ಸಲ ಕೊಂಡದ್ದು ಕಿವಿ ಪೂರ್ತಿ ಮುಚ್ಚುವ, ದುಬಾರಿ ಹೆಡ್‌ಫೋನು. ಹಾಕಿಕೊಂಡರೆ ಫ್ಯಾನ್ ಸದ್ದೂ ಕೇಳುತ್ತಿರಲಿಲ್ಲ. ಎರಡು ವಾರ ಖುಷಿಯಾಗಿದ್ದೆ. ಒಂದು ದಿನ ಚೆನ್ನೈನ ಸಹೋದ್ಯೋಗಿ ಹಿಂಜರಿಯುತ್ತಲೇ, "ನಿಮ್ಮ ಮಾತು ಬಾವಿಯೊಳಗಿಂದ ಬಂದ ಹಾಗಿದೆ, ಹಿಂದೆ ಯಾರೋ ಪಾತ್ರೆ ತೊಳೀತಿದ್ದಾರೆ" ಅಂದರು. ಎರಡು ವಾರ ಎಲ್ಲರೂ ಸಹಿಸಿಕೊಂಡಿದ್ದರು! ಆ ದಿನ ನನ್ನ ಮಾತನ್ನು ನಾನೇ ರೆಕಾರ್ಡ್ ಮಾಡಿ ಕೇಳಿದೆ. ಅವರು ಹೇಳಿದ್ದು ನಿಜ.

ತುಂಬಾ ಜನ ಎಡವುವುದು ಇಲ್ಲೇ. ಡಬ್ಬಿಯ ಮೇಲೆ 'ನಾಯ್ಸ್ ಕ್ಯಾನ್ಸಲಿಂಗ್' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಎಎನ್‌ಸಿ (ಆಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್) ಅನ್ನುವುದು ನಿಮ್ಮ ಕಿವಿಗೆ ಬೀಳುವ ಸದ್ದನ್ನು ಕಡಿಮೆ ಮಾಡುವ ವ್ಯವಸ್ಥೆ. ಆಚೆ ಕಡೆಯವರಿಗೆ ನಿಮ್ಮ ಮನೆಯ ಸದ್ದು ಹೋಗದಂತೆ ತಡೆಯುವುದು ಬೇರೆಯೇ, ಅದು ಮೈಕಿನ ಕೆಲಸ. ಕೆಲವು ಡಬ್ಬಿಗಳಲ್ಲಿ ಅದನ್ನು ಇಎನ್‌ಸಿ ಅಂತ ಬರೆಯುತ್ತಾರೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಚೆನ್ನಾಗಿರುತ್ತದೆ ಅಂತೇನಿಲ್ಲ.

ಮೈಕ್ ಬಾಯಿಗೆ ಹತ್ತಿರ ಇರಲಿ ಅಂತ ಯಾಕೆ ಹಠ ಹಿಡಿಯುತ್ತೇನೆ ಅಂದರೆ, ಲೆಕ್ಕ ಸರಳ. ದೂರ ಎರಡು ಪಟ್ಟಾದರೆ ಮೈಕಿಗೆ ಸಿಗುವ ನಿಮ್ಮ ಸ್ವರ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕಡ್ಡಿ ಮೈಕ್ ಬಾಯಿಯ ಮೂಲೆಯಿಂದ 3 ಸೆಂಟಿಮೀಟರ್ ದೂರದಲ್ಲಿರುತ್ತದೆ ಅಂದುಕೊಳ್ಳಿ. ಇಯರ್‌ಬಡ್ಸ್‌ನ ಮೈಕ್ ಕಿವಿಯ ಹತ್ತಿರ, ಅಂದರೆ 12 ಸೆಂಟಿಮೀಟರ್ ಆಚೆ. ಎರಡು ಸಲ ದುಪ್ಪಟ್ಟು, 12 ಡೆಸಿಬಲ್ ನಷ್ಟ. ಕೋಣೆಯ ಸದ್ದು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಮೇಲೆ ಯಂತ್ರ ಎಷ್ಟೇ ಜಾಣತನದಿಂದ ಸದ್ದು ಸೋಸಿದರೂ ಜೊತೆಗೆ ನಿಮ್ಮ ಸ್ವರವೂ ಸ್ವಲ್ಪ ಸೋಸಿಹೋಗುತ್ತದೆ. ಜೂನ್ ಬಂತೆಂದರೆ ನಮ್ಮ ಮನೆಯ ಹಿಂಭಾಗದ ತಗಡಿನ ಶೀಟಿನ ಮೇಲೆ ಮಳೆ ಬಡಿಯುವ ಸದ್ದಿಗೆ ಎದುರಿಗಿದ್ದವರ ಮಾತೂ ಕೇಳಿಸುವುದಿಲ್ಲ. ಅಂಥ ಮಳೆಯಲ್ಲೂ ಕಡ್ಡಿ ಮೈಕಿನಲ್ಲಿ ನನ್ನ ಮಾತು ಹೋಗುತ್ತದೆ. ಮಳೆ, ಫ್ಯಾನ್, ಕೂಲರ್‌ನಂಥ ಒಂದೇ ಸಮನೆ ಬರುವ ಸದ್ದನ್ನು ಈ ಮೈಕುಗಳು ಚೆನ್ನಾಗಿ ಕಳೆಯುತ್ತವೆ. ಇದ್ದಕ್ಕಿದ್ದಂತೆ ಬರುವ ಕುಕ್ಕರ್ ಸೀಟಿ, ಪಕ್ಕದಲ್ಲೇ ಇನ್ನೊಬ್ಬರ ಮಾತು, ಇವು ಕಷ್ಟ.

ಮೈಕನ್ನು ಬಾಯಿಯ ನೇರಕ್ಕೆ ಇಟ್ಟುಕೊಳ್ಳಬೇಡಿ. ಉಸಿರು ಬಡಿದು ಬುಸ್ ಬುಸ್ ಅನ್ನುತ್ತದೆ. ಬಾಯಿಯ ಮೂಲೆಗೆ, ಎರಡು ಬೆರಳು ಆಚೆ ಸಾಕು.

ಈಗ ಹಿತದ ಮಾತು. ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿದರೆ ಎಲ್ಲ ಹೆಡ್‌ಸೆಟ್ಟೂ ಮೆತ್ತಗೇ ಇರುತ್ತದೆ. ಅದರ ಬಣ್ಣ ಗೊತ್ತಾಗುವುದು ಮೂರನೇ ಗಂಟೆಯಲ್ಲಿ. ನನ್ನ ಚಿಕ್ಕಮ್ಮನ ಮಗಳು ಕುಮಟಾದಲ್ಲಿದ್ದಾಳೆ. ಅವಳು ಕೊಂಡದ್ದು ಕಿವಿಯ ಮೇಲೆ ಕೂರುವ ಸಣ್ಣ ಪ್ಯಾಡಿನದು. ಮಧ್ಯಾಹ್ನದ ಹೊತ್ತಿಗೆ ಕಿವಿ ಕೆಂಪಗಾಗಿ ಉರಿಯುತ್ತದೆ ಅಂತ ಫೋಟೋ ಕಳಿಸಿದಳು. ನೋಡಿದರೆ ಓಲೆಯ ತಿರುಪು! ಪ್ಯಾಡು ಕಿವಿಯ ಹಾಲೆಯನ್ನು ಒತ್ತಿದಾಗ ಹಿಂದಿನ ತಿರುಪು ಕಿವಿಯ ಹಿಂಬದಿಯ ಚರ್ಮಕ್ಕೆ ಚುಚ್ಚುತ್ತಿತ್ತು. ಅಲ್ಲಿ ಸಣ್ಣ ಗುಂಡು ಗುರುತೇ ಬಿದ್ದಿತ್ತು. ಓಲೆ ತೆಗೆದಿಟ್ಟು ಕೆಲಸ ಮಾಡು ಅಂತ ನಾನು ಹೇಳಲಿಲ್ಲ. ಹೆಡ್‌ಸೆಟ್ಟೇ ಬದಲಾಗಬೇಕು ಅಲ್ವಾ? ಓಲೆ ಹಾಕುವವರಿಗೆ ಕಿವಿಯ ಸುತ್ತ ಕೂರುವ ದೊಡ್ಡ ಪ್ಯಾಡು ಒಳ್ಳೆಯದು, ಆದರೆ ಒಳಗಿನ ಜಾಗ ಆಳವಾಗಿರಬೇಕು.

ಕನ್ನಡಕದವರ ಕಥೆಯೂ ಇದೇ. ಕನ್ನಡಕದ ದಪ್ಪ ಕಡ್ಡಿ ಪ್ಯಾಡಿನ ಕೆಳಗೆ ಸಿಕ್ಕಿ ಕಿವಿಯ ಮೇಲಿನ ಎಲುಬಿಗೆ ಒತ್ತುತ್ತದೆ. ಸಂಜೆ ತಲೆನೋವು ಬಂದರೆ ಸ್ಕ್ರೀನನ್ನು ಬೈಯುವ ಮೊದಲು ಅಲ್ಲಿ ಬೆರಳಿಟ್ಟು ನೋಡಿ. ನೋವು ಆ ಜಾಗದಲ್ಲೇ ಇದ್ದರೆ ಹೆಡ್‌ಸೆಟ್ ಬಿಗಿ ಜಾಸ್ತಿ ಇದೆ ಅಂತ. ನಾನು ತೆಳು ಕಡ್ಡಿಯ ಫ್ರೇಮಿಗೆ ಬದಲಾದ ಮೇಲೆ ಅರ್ಧ ನೋವು ಹೋಯಿತು.

ಪ್ಯಾಡಿನ ಬಟ್ಟೆಯನ್ನೂ ನೋಡಿ. ಕರಾವಳಿಯ ಸೆಕೆಗೆ ರೆಕ್ಸಿನ್ ಥರದ ಪ್ಯಾಡು ಆಗಿಬರುವುದಿಲ್ಲ. ಬೆವರು ಕೂತು ಕೂತು ಮೇಲಿನ ಪದರ ಕಪ್ಪು ಹೊಟ್ಟಿನ ಹಾಗೆ ಉದುರಿ ಕೆನ್ನೆಗೆ ಅಂಟುತ್ತದೆ. ನೇಯ್ದ ಬಟ್ಟೆಯದಾದರೆ ಗಾಳಿಯಾಡುತ್ತದೆ. ಪ್ಯಾಡು ಬಿಚ್ಚಲು ಬರುತ್ತದೆಯೇ, ಬೇರೆಯದು ಸಿಗುತ್ತದೆಯೇ ಅಂತ ಕೊಳ್ಳುವ ಮೊದಲೇ ಕೇಳಿ. ಎರಡು ವರ್ಷಕ್ಕೆ ಹಾಳಾಗುವುದು ಹೆಚ್ಚಾಗಿ ಪ್ಯಾಡೇ, ಒಳಗಿನ ಯಂತ್ರವಲ್ಲ.

ತೂಕಕ್ಕೆ ಒಂದು ಅಂದಾಜು ಕೊಡುತ್ತೇನೆ. ಹಾಡು ಕೇಳಲು ಹೆಸರಾದ ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ. ಕಚೇರಿಗೆಂದೇ ಮಾಡಿದ ಜಾಬ್ರಾ ಇವಾಲ್ವ್2 65 ಸುಮಾರು 176 ಗ್ರಾಂ, ಅದರಲ್ಲಿ ಕಡ್ಡಿ ಮೈಕ್ ಮೇಲಕ್ಕೆತ್ತಿದರೆ ತಾನೇ ಮ್ಯೂಟ್ ಆಗುತ್ತದೆ. ಲಾಜಿಟೆಕ್ ಝೋನ್ ವೈಬ್ 100 ಸುಮಾರು 185 ಗ್ರಾಂ. 70 ಗ್ರಾಂ ಏನು ಮಹಾ ಅನಿಸಬಹುದು. ಐದು ಗಂಟೆ ತಲೆಯ ಮೇಲೆ ಹೊತ್ತರೆ ಕುತ್ತಿಗೆಗೆ ಗೊತ್ತಾಗುತ್ತದೆ.

ಮಕ್ಕಳಿರುವ ಮನೆಯವರು, ಒಲೆಯ ಮೇಲೆ ಹಾಲಿಟ್ಟು ಕಾಲ್‌ಗೆ ಕೂರುವವರು ಕಿವಿ ಮುಚ್ಚದ ಬಗೆಯನ್ನೂ ನೋಡಬಹುದು. ಶಾಕ್ಸ್ ಕಂಪನಿಯ ಓಪನ್‌ಕಾಮ್ ಕಿವಿಯ ಮುಂದಿನ ಎಲುಬಿನ ಮೇಲೆ ಕೂತು ಕಂಪನದಿಂದ ಧ್ವನಿ ದಾಟಿಸುತ್ತದೆ, ಕಡ್ಡಿ ಮೈಕೂ ಇದೆ, ತೂಕ 40 ಗ್ರಾಮೂ ಇಲ್ಲ. ಓಲೆಗೂ ತೊಂದರೆಯಿಲ್ಲ. ಚಿಕ್ಕಮ್ಮನ ಮಗಳು ಕೊನೆಗೆ ಈ ಬಗೆಯದನ್ನೇ ಕೊಂಡಳು. ನನಗೆ ಮಾತ್ರ ಆಗದು, ಮಳೆ ಸದ್ದಿನಲ್ಲಿ ಏನೂ ಕೇಳುವುದಿಲ್ಲ.

ಎರಡೂ ಕಿವಿ ಮುಚ್ಚಿದಾಗ ಇನ್ನೊಂದು ತೊಂದರೆ ಇದೆ. ನಮ್ಮ ಸ್ವರ ನಮ್ಮ ತಲೆಯೊಳಗೇ ಗುಂಯ್‌ಗುಡುತ್ತದೆ, ಹೊರಗೆ ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆ ಅನ್ನುವ ಅಂದಾಜು ತಪ್ಪುತ್ತದೆ. ಸಂಜೆ ಗಂಟಲು ನೋವು. ಸೈಡ್‌ಟೋನ್ ಅಂತ ಒಂದು ಸೌಲಭ್ಯ ಇರುತ್ತದೆ, ನಮ್ಮ ಮಾತನ್ನು ಸ್ವಲ್ಪ ನಮ್ಮ ಕಿವಿಗೇ ಕೇಳಿಸುತ್ತದೆ. ಅದು ಇದ್ದರೆ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದು ಕಿವಿಯ ಪ್ಯಾಡು ಸ್ವಲ್ಪ ಸರಿಸಿದರೂ ನಡೆಯುತ್ತದೆ.

"ಹಾಡು ಚೆನ್ನಾಗಿ ಕೇಳುತ್ತೆ, ಮೀಟಿಂಗ್ ಶುರುವಾದ ಕೂಡಲೇ ಹಳೇ ಫೋನಿನ ಹಾಗೆ ಆಗುತ್ತೆ, ಕೆಟ್ಟಿದೆಯಾ?" ಅಂತಲೂ ಕೇಳುತ್ತಾರೆ. ಕೆಟ್ಟಿಲ್ಲ. ಮಾಮೂಲಿ ಬ್ಲೂಟೂತ್‌ನಲ್ಲಿ ಹಾಡಿಗೊಂದು ದಾರಿ, ಮಾತಿಗೊಂದು ದಾರಿ. ಮೈಕ್ ಆನ್ ಆದ ತಕ್ಷಣ ಮಾತಿನ ದಾರಿಗೆ ಹೊರಳುತ್ತದೆ. ಅದರಲ್ಲಿ ಧ್ವನಿಯನ್ನು ಸೆಕೆಂಡಿಗೆ 8 ಸಾವಿರ ಅಥವಾ 16 ಸಾವಿರ ಸಲ ಮಾತ್ರ ಅಳೆಯುತ್ತಾರೆ. ಸಿ.ಡಿ.ಯ ಹಾಡಿನಲ್ಲಿ ಇದು 44,100. ಅದಕ್ಕೇ ಚಪ್ಪಟೆಯಾಗಿ ಕೇಳುವುದು. ಎಲ್‌ಇ ಆಡಿಯೋ ಅನ್ನುವ ಹೊಸ ಬಗೆ ಇದನ್ನು ಸರಿ ಮಾಡುತ್ತದೆ, ಆದರೆ ಹೆಡ್‌ಸೆಟ್ಟು, ಲ್ಯಾಪ್‌ಟಾಪು ಎರಡರಲ್ಲೂ ಅದು ಇರಬೇಕು. ಬರೀ ಕೇಳುವ ಮೀಟಿಂಗ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಮೈಕನ್ನು ಲ್ಯಾಪ್‌ಟಾಪಿನದ್ದಕ್ಕೆ ಬದಲಿಸಿ ನೋಡಿ, ಧ್ವನಿ ಮತ್ತೆ ತೆರೆದುಕೊಳ್ಳುತ್ತದೆ.

ಡಾಂಗಲ್ ಬೇಕು ಅನ್ನುವುದು ಬೇರೆ ಕಾರಣಕ್ಕೆ. ಆ ಹೆಡ್‌ಸೆಟ್ಟಿಗೆಂದೇ ಮಾಡಿದ್ದಾದ್ದರಿಂದ ಸಿಕ್ಕಿಸಿದರೆ ಆಯಿತು, ಲ್ಯಾಪ್‌ಟಾಪಿನ ಬ್ಲೂಟೂತ್ ಜೊತೆ ದಿನಾ ಬೆಳಿಗ್ಗೆ ಗುದ್ದಾಡಬೇಕಿಲ್ಲ. ಮಧ್ಯೆ ಮಧ್ಯೆ ಧ್ವನಿ ಕಡಿದರೆ ಮನೆಯ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಹಳೆಯ ವೈಫೈಯೂ ಅಲ್ಲೇ, ಹಾಗಾಗಿ ಒಂದಕ್ಕೊಂದು ಅಡ್ಡ ಬರುತ್ತವೆ.

ವಾಲ್ಯೂಮ್ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ನಮ್ಮ ಕೆಲಸದ ವಾರವೂ ಹೆಚ್ಚುಕಡಿಮೆ ಅಷ್ಟೇ ಗಂಟೆ. ಪಕ್ಕದವರ ಮಾತು ಕೇಳದಷ್ಟು ಜೋರಾಗಿ ಇಡಬೇಡಿ.

ವಾರಕ್ಕೆ ಎರಡೇ ಕಾಲ್ ಇರುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಬೇಡ. ಕಡ್ಡಿ ಮೈಕ್ ಇರುವ, ತಂತಿಯ ಯುಎಸ್‌ಬಿ ಹೆಡ್‌ಸೆಟ್ ಸಾಕು. ಚಾರ್ಜ್ ಮಾಡುವ ಗೋಜೂ ಇಲ್ಲ. ಮೇಜು ಬಿಟ್ಟು ಏಳದವರಿಗೂ ನಾನು ಅದನ್ನೇ ಹೇಳುತ್ತೇನೆ.

ವೈರ್‌ಲೆಸ್ಸೇ ಬೇಕು ಅನ್ನುವವರು ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ, ಡಬ್ಬಿ ಎಸೆಯಬೇಡಿ. ಮೊದಲ ದಿನವೇ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿರುವ ಟೆಸ್ಟ್ ಕಾಲ್ ಮಾಡಿ, ನಿಮ್ಮ ಮಾತು ನಿಮಗೇ ವಾಪಸ್ ಕೇಳಿಸುತ್ತದೆ. ಸುಮ್ನೆ ಮಾಡಬೇಡಿ, ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಸಿ ಮಾಡಿ. ಆಮೇಲೆ ಕನ್ನಡಕ, ಓಲೆ ಎಲ್ಲ ಹಾಕಿಕೊಂಡು ಮೂರು ಗಂಟೆ ತೆಗೆಯದೆ ಕೂತು ನೋಡಿ.