ಅಟ್ಲಿನ್ ಕ್ಷೇತ್ರದ ಗೋಡೆ ನಕ್ಷೆ: ನಾಲ್ಕನೆಯ ತಿಂಗಳ ಕೆಲಸ

ಎರಡನೆಯ ಹಾಳೆ ಈ ತಿಂಗಳು ಮುಗಿಯಿತು. ಹೊಸದಾಗಿ ಓದುತ್ತಿರುವವರಿಗಾಗಿ ಹಿಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ ಅಟ್ಲಿನ್ ಎಂಬ ವಿಧಾನಸಭಾ ಕ್ಷೇತ್ರವಿತ್ತು. 1903ರಲ್ಲಿ ಹುಟ್ಟಿ 1991ರ ಚುನಾವಣೆಯ ಹೊತ್ತಿಗೆ ಇಲ್ಲವಾಯಿತು. ಅದರ ಚರಿತ್ರೆಯನ್ನು ಮೂರು ಟ್ರೇಸಿಂಗ್ ಹಾಳೆಗಳ ಮೇಲೆ ಕನ್ನಡದಲ್ಲಿ ಬರೆದು, ಒಂದರ ಮೇಲೊಂದು ಹೊದಿಸಿ ಗೋಡೆಗೆ ಹಾಕುವುದು ನನ್ನ ಯೋಜನೆ. ಮೊದಲ ಹಾಳೆ ನೆಲ ಮತ್ತು ನೀರಿನದು. ಎರಡನೆಯದು ಜನರದು ಮತ್ತು ಶಾಸಕರದು. ಕ್ಷೇತ್ರ ಅಳಿದ ಕಥೆ ಮೂರನೆಯದರಲ್ಲಿ ಬರುತ್ತದೆ.

ನಾನು ಬಿನ್ನಿಪೇಟೆಯವನು. 2008ರ ಪುನರ್ವಿಂಗಡಣೆಯಲ್ಲಿ ನಮ್ಮ ಬಿನ್ನಿಪೇಟೆ ಕ್ಷೇತ್ರದ ಹೆಸರೇ ಮತದಾರರ ಪಟ್ಟಿಯಿಂದ ಅಳಿಸಿಹೋದಾಗ ಊರನ್ನೇ ಯಾರೋ ಎತ್ತಿಕೊಂಡು ಹೋದಂತಾಗಿತ್ತು. ಅಳಿದ ಕ್ಷೇತ್ರಗಳ ಹುಚ್ಚು ಹತ್ತಿದ್ದು ಅಂದಿನಿಂದ. ಈಗ ಇರುವುದು ಅದೇ ಬ್ರಿಟಿಷ್ ಕೊಲಂಬಿಯಾದ ಸರ್ರೆ ನಗರದ ನ್ಯೂಟನ್ನಿನಲ್ಲಿ. ಸಾವಿರ ಮೈಲಿಯಾಚೆಯ ಅಟ್ಲಿನ್‌ಗೂ ನನ್ನ ಬೀದಿಗೂ ಏನು ನಂಟು ಎಂಬುದು ಕೊನೆಗೆ ಬರುತ್ತದೆ.

ಮೊದಲ ಹಾಳೆಯಲ್ಲಿ ಒಂದು ತಪ್ಪು ಸಿಕ್ಕಿತು, ತಿದ್ದಿದ್ದೇನೆ. ಪಶ್ಚಿಮದಲ್ಲಿ ಅಲಾಸ್ಕಾದ ಗಡಿಯನ್ನು ಇಂದಿನ ನಕ್ಷೆ ನೋಡಿ ದಪ್ಪ ಶಾಯಿಯಲ್ಲಿ ಎಳೆದುಬಿಟ್ಟಿದ್ದೆ. ಆದರೆ ಅಟ್ಲಿನ್ ಮೊದಲ ಸಲ ಸೇರಿದ ಸಾರ್ವತ್ರಿಕ ಚುನಾವಣೆ ನಡೆದದ್ದು 1903ರ ಅಕ್ಟೋಬರ್ 3ರಂದು. ಅಲಾಸ್ಕಾ ಗಡಿಯ ತಕರಾರನ್ನು ನ್ಯಾಯಮಂಡಳಿ ಬಗೆಹರಿಸಿದ್ದು ಅದೇ ತಿಂಗಳ 20ರಂದು. ಶಾಸಕರನ್ನು ಆರಿಸುವ ದಿನ ಆ ಅಂಚು ಇನ್ನೂ ಎರಡು ದೇಶಗಳ ಜಗಳದಲ್ಲಿತ್ತು. ಶಾಯಿಯನ್ನು ಬ್ಲೇಡಿನಿಂದ ಕೆರೆದು, ಆ ಗೆರೆಯನ್ನು ಚುಕ್ಕಿಚುಕ್ಕಿಯಾಗಿ ಮತ್ತೆ ಎಳೆದೆ. ಎರಡು ಸಂಜೆ ಹಿಡಿಯಿತು. ಹಾಳೆ ಅಲ್ಲಲ್ಲಿ ತೆಳುವಾಗಿದೆ, ಹರಿದಿಲ್ಲ.

ಉತ್ತರದ ಗಡಿಗೆ ಇಂಥ ಕಷ್ಟವಿಲ್ಲ. 60 ಡಿಗ್ರಿ ಅಕ್ಷಾಂಶದ ನೇರ ಗೆರೆ, ಅದರಾಚೆ ಯೂಕಾನ್. ಅಟ್ಲಿನ್ ಪಟ್ಟಣವಿರುವುದು ಆ ಗೆರೆಗೆ ಹತ್ತಿರದಲ್ಲಿ, ಅದೇ ಹೆಸರಿನ ಸರೋವರದ ದಡದಲ್ಲಿ. ಟ್ಲಿಂಗಿಟ್ ಜನರ ಭಾಷೆಯಲ್ಲಿ ಆ ಹೆಸರಿಗೆ ದೊಡ್ಡ ನೀರು ಎಂದರ್ಥ. ನಮ್ಮ ಹಿರೇಕೆರೆ, ದೊಡ್ಡಕೆರೆಗಳು ನೆನಪಾಗಿ ಆ ಹೆಸರನ್ನು ಬರೆಯುವಾಗ ಖುಷಿಯಾಯಿತು. 1898ರಲ್ಲಿ ಪೈನ್ ಕ್ರೀಕ್ ಎಂಬ ತೊರೆಯಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದರು, ಆ ನೂಕುನುಗ್ಗಲಿನಲ್ಲೇ ಪಟ್ಟಣ ಎದ್ದಿತು. ಇಂದಿಗೂ ಅಟ್ಲಿನ್‌ನಿಂದ ಹೊರಡುವ ರಸ್ತೆ ಯೂಕಾನಿಗೇ ಹೋಗುತ್ತದೆ. ತಮ್ಮದೇ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾಕ್ಕೆ ಕಾರಿನಲ್ಲಿ ಹೊರಟವರು ಮೊದಲು ಪ್ರಾಂತ್ಯದಿಂದ ಆಚೆ ಹೋಗಿ, ಮತ್ತೆ ಒಳಗೆ ಬರಬೇಕು. ಇದನ್ನು ನಕ್ಷೆಯಲ್ಲಿ ಬಾಣ ಹಾಕಿ ತೋರಿಸಿದ್ದೇನೆ.

ಇನ್ನು ಎರಡನೆಯ ಹಾಳೆ. ಮೊದಲ ಶಾಸಕ ಡಾಕ್ಟರ್ ಹೆನ್ರಿ ಎಸ್ಸನ್ ಯಂಗ್, ಕನ್ಸರ್ವೇಟಿವ್ ಪಕ್ಷದವರು. ಶಿಕ್ಷಣ ಸಚಿವರಾಗಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ದುಡಿದವರು. ಅವರ ನಂತರದ ಮೂರು ದಶಕಗಳಲ್ಲಿ ಲಿಬರಲ್ ಪಕ್ಷದವರದೇ ಮೇಲುಗೈ. ಅವರ ಚೀಟಿಗಳನ್ನು ಸಣ್ಣದಾಗಿ ಬರೆದು ಅಂಚಿಗೆ ಸೇರಿಸಿದ್ದೇನೆ.

ಹಾಳೆಯ ಎಡಗಡೆ ಉದ್ದಕ್ಕೂ ಒಂದು ಪಟ್ಟಿ ಬಿಟ್ಟು, ಯಾರಿಗೆ ಯಾವಾಗ ಮತದ ಹಕ್ಕು ಇತ್ತು ಎಂದು ಬಣ್ಣದಲ್ಲಿ ತುಂಬಿದೆ. ಬರೆಯುತ್ತ ಬರೆಯುತ್ತ ಕೈ ಭಾರವಾಯಿತು. ಕ್ಷೇತ್ರ ಹುಟ್ಟಿದಾಗ ಆ ನೆಲದ ಟ್ಲಿಂಗಿಟ್, ಟಾಲ್ಟನ್, ನಿಸ್ಗಾ ಜನರಿಗೆ ಮತವಿರಲಿಲ್ಲ. 1870ರ ದಶಕದಲ್ಲೇ ಪ್ರಾಂತ್ಯ ಅದನ್ನು ಕಿತ್ತುಕೊಂಡಿತ್ತು. ಭಾರತದಿಂದ ಬಂದವರ ಮತ 1907ರಲ್ಲಿ ಹೋಯಿತು. ಮಹಿಳೆಯರಿಗೆ ಮತ ಬಂದದ್ದು 1917ರಲ್ಲಿ. ಭಾರತೀಯರಿಗೂ ಚೀನೀಯರಿಗೂ 1947ರಲ್ಲಿ ಹಕ್ಕು ಮರಳಿತು, ಮೂಲನಿವಾಸಿಗಳಿಗೂ ಜಪಾನೀಯರಿಗೂ 1949ರಲ್ಲಿ. ನಲವತ್ತೆರಡು ವರ್ಷ ಖಾಲಿ ಬಿಟ್ಟ ಆ ನಮ್ಮವರ ಅಂಕಣದಲ್ಲಿ ಏನನ್ನೂ ಬರೆಯದೆ ಬಿಳಿಯಾಗಿಯೇ ಉಳಿಸಿದ್ದೇನೆ. 1907ರಿಂದ 1947ಕ್ಕೆ ನಲವತ್ತೇ ವರ್ಷ ಎಂದು ಮಗಳು ಲೆಕ್ಕ ಹಾಕಿ ತೋರಿಸಿದಳು. 1949ರ ಗೆರೆಯವರೆಗೆ ಬಿಳಿ ಬಿಟ್ಟಿದ್ದೆ. ಅದನ್ನೂ ಸರಿಪಡಿಸಿದೆ.

1949ರ ಗೆರೆಯ ಪಕ್ಕದಲ್ಲೇ ಫ್ರಾಂಕ್ ಕಾಲ್ಡರ್ ಅವರ ಚೀಟಿ. ಈ ಹಾಳೆಯ ಅರ್ಧ ಜಾಗವನ್ನು ಅವರಿಗೇ ಕೊಟ್ಟಿದ್ದೇನೆ, ಕೊಡಲೇಬೇಕಿತ್ತು. ನಾಸ್ ನದಿಯ ಮುಖದಲ್ಲಿ 1915ರಲ್ಲಿ ಹುಟ್ಟಿದ ನಿಸ್ಗಾ ಜನಾಂಗದವರು. ತಮ್ಮ ಜನರಿಗೆ ಮತ ಬಂದ ಅದೇ ವರ್ಷ ಸಿ.ಸಿ.ಎಫ್. ಎಂಬ ಸಮಾಜವಾದಿ ಪಕ್ಷದಿಂದ (ಮುಂದೆ ಅದೇ ಎನ್.ಡಿ.ಪಿ. ಆಯಿತು) ನಿಂತು ಗೆದ್ದರು. ಕಾನೂನಿನ ಪ್ರಕಾರ ನೋಂದಾಯಿತ ಮೂಲನಿವಾಸಿಯೊಬ್ಬರು ಕೆನಡಾದ ಯಾವುದೇ ಶಾಸನಸಭೆಗೆ ಆರಿಸಿಬಂದದ್ದು ಅದೇ ಮೊದಲು. ಮೀಸಲು ನೆಲಗಳಲ್ಲಿ ವಾಸಿಸುವ ಅವರ ಮತದಾರರಲ್ಲಿ ಹೆಚ್ಚಿನವರಿಗೆ ಒಟ್ಟಾವಾದ ಸಂಸತ್ತಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದು 1960ರಲ್ಲಿ. 1956ರಲ್ಲಿ ಸೋತ ಕಾಲ್ಡರ್ 1960ರಲ್ಲಿ ಮತ್ತೆ ಗೆದ್ದು 1979ರವರೆಗೆ ಶಾಸಕರಾಗಿದ್ದರು.

ಅವರ ಹೆಸರು ಕಾನೂನು ಓದಿದವರ ಬಾಯಲ್ಲಿ ಉಳಿದಿರುವುದು ಮೊಕದ್ದಮೆಯಿಂದ. ನಾಸ್ ಕಣಿವೆಯ ಮೇಲೆ ನಿಸ್ಗಾ ಜನರ ಒಡೆತನ ಎಂದೂ ರದ್ದಾಗಿಲ್ಲ ಎಂದು 1967ರಲ್ಲಿ ಪ್ರಾಂತ್ಯದ ವಿರುದ್ಧ ದಾವೆ ಹೂಡಿದರು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತರು. 1973ರ ಜನವರಿ 31ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಒಡೆತನ ಇಂದಿಗೂ ಉಳಿದಿದೆ ಎಂದು ಮೂವರು, ಅಳಿದಿದೆ ಎಂದು ಮೂವರು. ಏಳನೆಯ ನ್ಯಾಯಮೂರ್ತಿ ಸರ್ಕಾರದ ಮೇಲೆ ದಾವೆ ಹೂಡಲು ಬೇಕಾದ ಅನುಮತಿ ಪಡೆದಿಲ್ಲವೆಂದು ವಜಾ ಮಾಡಿದರು. ಕಾಗದದ ಮೇಲೆ ಅದು ಸೋಲು. ಆದರೆ ಬಿಳಿಯರು ಬರುವ ಮೊದಲೇ ಅವರಿಗೆ ಒಡೆತನವಿತ್ತು, ಅದನ್ನು ಕಾನೂನು ಗುರುತಿಸುತ್ತದೆ ಎಂಬುದನ್ನು ಆರು ಮಂದಿ ಒಪ್ಪಿದ್ದರು. ಭೂಮಿಯ ಹಕ್ಕಿನ ಮಾತುಕತೆಗೆ ಒಟ್ಟಾವಾ ಸರ್ಕಾರ ಅದೇ ವರ್ಷ ಬಾಗಿಲು ತೆರೆಯಿತು. ನಿಸ್ಗಾ ಒಪ್ಪಂದ ಜಾರಿಗೆ ಬಂದದ್ದು 2000ದ ಮೇ 11ರಂದು.

ಚೀಟಿ ಬರೆಯುವಾಗ ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟ ಮೇಲಷ್ಟೇ ನನಗೆ ಹೊಳೆದದ್ದು ಇದು: 1972ರಲ್ಲಿ ಪ್ರಾಂತ್ಯದ ಮುಖ್ಯಮಂತ್ರಿ, ಎನ್.ಡಿ.ಪಿ.ಯ ಡೇವ್ ಬ್ಯಾರೆಟ್ ಸಂಪುಟದಲ್ಲಿ ಕಾಲ್ಡರ್ ಖಾತೆರಹಿತ ಸಚಿವರಾಗಿದ್ದರು. ತೀರ್ಪು ಹೊರಬಿದ್ದ ದಿನ ವಾದಿ ಅವರೇ, ಪ್ರತಿವಾದಿಯಾಗಿದ್ದ ಪ್ರಾಂತ್ಯದ ಸಂಪುಟದಲ್ಲೂ ಅವರೇ! 1973ರಲ್ಲೇ ಬ್ಯಾರೆಟ್, ಕಾಲ್ಡರ್ ಅವರನ್ನು ಸಂಪುಟದಿಂದ ಕೈಬಿಟ್ಟರು. 1975ರಲ್ಲಿ ಕಾಲ್ಡರ್ ಸೋಶಿಯಲ್ ಕ್ರೆಡಿಟ್ ಪಕ್ಷ ಸೇರಿ ಗೆದ್ದರು. 1979ರಲ್ಲಿ ಎನ್.ಡಿ.ಪಿ.ಯ ಆಲ್ ಪಾಸರೆಲ್ ಎದುರು ಸೋತರು, ಒಂದೇ ಒಂದು ಮತದಿಂದ. ಆ ಒಂದು ಮತಕ್ಕೆ ಬೇರೆ ಬಣ್ಣ ಬೇಕೆನಿಸಿತು. ಒಂದು ಸಣ್ಣ ಕೆಂಪು ಚುಕ್ಕಿ ಇಟ್ಟಿದ್ದೇನೆ. ಕೊನೆಯ ಶಾಸಕ ಲ್ಯಾರಿ ಗುನೊ, ಅವರೂ ನಿಸ್ಗಾ, 1986ರಲ್ಲಿ ಗೆದ್ದವರು.

ಮೂರನೆಯ ಹಾಳೆಗೆ ಪೆನ್ಸಿಲ್ ಗೆರೆ ಮಾತ್ರ ಬಿದ್ದಿದೆ. ನನ್ನ ಬೀದಿಯ ನಂಟು ಇಲ್ಲಿದೆ. 1989ರಲ್ಲಿ ಡಿಕ್ಸನ್ ಮೊಕದ್ದಮೆಯಲ್ಲಿ ಬೆವರ್ಲಿ ಮೆಕ್ಲಾಕ್ಲಿನ್, ಮುಂದೆ ಕೆನಡಾದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾದವರು, ಪ್ರಾಂತ್ಯದ ಕ್ಷೇತ್ರಗಳ ಹಂಚಿಕೆ ಸಂವಿಧಾನಕ್ಕೆ ವಿರುದ್ಧ ಎಂದರು. ಅವರ ಮುಂದಿದ್ದ ಅಂಕಿಗಳಲ್ಲಿ ಅತಿ ಚಿಕ್ಕ ಕ್ಷೇತ್ರ ಅಟ್ಲಿನ್, ಜನಸಂಖ್ಯೆ 5,511. ಅತಿ ದೊಡ್ಡದು ಸರ್ರೆ-ನ್ಯೂಟನ್, 68,347. ಅಟ್ಲಿನ್‌ನ ಒಬ್ಬರಿಗೆ ನನ್ನ ನೆರೆಹೊರೆಯ ಹನ್ನೆರಡು ಜನ ಸಮ. ಮುಂದಿನ ಪುನರ್ವಿಂಗಡಣೆಯಲ್ಲಿ ಸರಾಸರಿಗಿಂತ ಶೇಕಡಾ 25ರ ಆಚೀಚೆಯ ಮಿತಿ ಬಂತು, ಅಟ್ಲಿನ್ ಹೆಸರು ಹೋಯಿತು, ಅದರ ಬಹುಭಾಗ ಬಲ್ಕ್ಲಿ ವ್ಯಾಲಿ-ಸ್ಟಿಕೀನ್ ಎಂಬ ಹೊಸ ಕ್ಷೇತ್ರಕ್ಕೆ ಸೇರಿತು.

ತೀರ್ಪು ನ್ಯಾಯವಾದುದು, ನ್ಯೂಟನ್ನಿನವನಾಗಿ ಅದರ ಫಲ ಉಂಡಿದ್ದೇನೆ. ಆದರೂ ನಾಸ್ ಕಣಿವೆಯ ಮತಗಳಿಗೆ ತೂಕವಿದ್ದ ಅಷ್ಟು ಚಿಕ್ಕ ಕ್ಷೇತ್ರವಿಲ್ಲದಿದ್ದರೆ ಕಾಲ್ಡರ್ 1949ರಲ್ಲಿ ಗೆಲ್ಲುತ್ತಿದ್ದರೆ ಎಂಬ ಪ್ರಶ್ನೆ ಪೆನ್ಸಿಲ್ ಹಿಡಿದಾಗಲೆಲ್ಲ ಎದುರು ನಿಲ್ಲುತ್ತದೆ. ನನಗೆ ಅನುಮಾನವೇ.

ಮುಂದಿನ ತಿಂಗಳು ಎರಡು ಚೌಕಗಳನ್ನು ಬರೆಯಬೇಕು, ಜನಸಂಖ್ಯೆಯ ಅಳತೆಗೆ ಸರಿಯಾಗಿ: ಅಟ್ಲಿನ್‌ಗೆ ಎರಡು ಸೆಂಟಿಮೀಟರ್ ಬದಿಯದು, ನ್ಯೂಟನ್ನಿಗೆ ಏಳು. ನಾಸ್ ನದಿಗೆ ಮೊದಲೆರಡು ಹಾಳೆಗಳಲ್ಲಿ ಬಳಸಿದ ನೀಲಿ ಶಾಯಿ ಮುಗಿದಿದೆ, ಅದೇ ಬಣ್ಣ ಹುಡುಕಿ ತರಬೇಕು.