ಮೇಡಂ ಲಿಸ್ಟ್ ಕೊಟ್ಟಿದ್ದಾರಾ?

ಮಂಗಳವಾರ ಕೇಳಿದ ಒಂದು ಮಾತು ಶನಿವಾರವಾದರೂ ಕಿವಿ ಬಿಟ್ಟು ಹೋಗಿಲ್ಲ.

"ಮೇಡಂ ಲಿಸ್ಟ್ ಕೊಟ್ಟಿದ್ದಾರಾ ಅಂಕಲ್?"

ಬೆಂಗಳೂರಿನ ಮಾಮೂಲ್‌ಪೇಟೆಯ ಮಣಿ ಅಂಗಡಿ. ಒಬ್ಬರು ಇಳಿಯುವ ತನಕ ಇನ್ನೊಬ್ಬರು ಕೆಳಗೆ ಕಾಯಬೇಕು, ಅಂಥ ಮೆಟ್ಟಿಲು. ಹತ್ತಿದರೆ ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಗಳು. ಒಳಗೇನಿದೆ ಅಂತ ಗೊತ್ತಾಗಲಿ ಎಂದು ಪ್ರತಿ ಡಬ್ಬದ ಮೂತಿಗೂ ಒಂದೊಂದು ಮಣಿ ಕಟ್ಟಿರುತ್ತಾರೆ. ಕೌಂಟರಿನ ಮುಂದೆ ಏಳೆಂಟು ಜನ ಹೆಂಗಸರು, ಮಧ್ಯೆ ನಾನೊಬ್ಬ, ಕೈಯಲ್ಲಿ ಚೀಟಿ. ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಚೀಟಿ ನೋಡಿದ, ನನ್ನ ನರೆತ ತಲೆ ನೋಡಿದ, ಕೇಳಿದ. ಅವನದೇನೂ ತಪ್ಪಿಲ್ಲ. ಹೆಂಡತಿ ಬರೆದುಕೊಟ್ಟ ಚೀಟಿ ಹಿಡಿದು ಬಂದು, ಲೇಸಿನ ಬಣ್ಣ ತಪ್ಪಿಸಿಕೊಂಡು ಹೋಗುವ ಅಂಕಲ್‌ಗಳನ್ನು ಅವನು ದಿನಾ ನೋಡುತ್ತಿರಬೇಕು.

ನಾನು "ಹೂಂ, ಕೊಟ್ಟಿದಾರೆ" ಅಂದೆ.

ಯಾಕೆ ಹಾಗಂದೆನೋ. ಚೀಟಿ ಬರೆದದ್ದು ನಾನೇ. ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಬರೆದ ಅದೇ ಅಕ್ಷರ, ಏಳಕ್ಕೆ ಅಡ್ಡಗೆರೆ ಎಳೆಯುವ ಅಭ್ಯಾಸ ಸಮೇತ. ನಮ್ಮಾಕೆಗೆ ಮಣಿ ಅಂದರೆ ಬರಿಗಾಲಿಗೆ ಚುಚ್ಚುವ ವಸ್ತು, ಅಷ್ಟೇ.

ಮೂರು ವರ್ಷದ ಹಿಂದೆ, ನಿವೃತ್ತಿಯಾದ ಹೊಸತರಲ್ಲಿ, ಅವಳ ಹವಳದ ಸರ ಹೆಚ್ಚಿತು. ಹರಿಯಿತು ಅನ್ನಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು. ಅಕ್ಕಿ ಡಬ್ಬ ತಳ ಕಂಡಾಗಲೂ ನಮ್ಮ ಮನೆಯಲ್ಲಿ ಅಕ್ಕಿ ಹೆಚ್ಚಿದೆ ಅಂತಲೇ ಅನ್ನುತ್ತಿದ್ದರು. ಹೆಚ್ಚಿದ ಹವಳವನ್ನು ಆರಿಸಿ ಎಣಿಸಿದರೆ ಎರಡು ಕಮ್ಮಿ ಇದ್ದವು, ಅದು ಬೇರೆ ವಿಷಯ. ಪೋಣಿಸಿಕೊಡಲು ಅಕ್ಕಸಾಲಿ ಎಂಟು ದಿನ ಕೇಳಿದ. ಇಷ್ಟಕ್ಕೆ ಎಂಟು ದಿನವಾ ಅಂತ ನಾನೇ ಕೂತೆ. ಹೊಲಿಗೆ ದಾರದಲ್ಲಿ ಪೋಣಿಸಿದ್ದು ಹದಿನೈದೇ ದಿನಕ್ಕೆ ಜೋತುಬಿತ್ತು, ಮಣಿಗಳ ನಡುವೆ ದಾರ ಇಣುಕತೊಡಗಿತು. ಅಕ್ಕಸಾಲಿಯ ಎಂಟು ದಿನದ ಅರ್ಥ ಆಗ ತಿಳಿಯಿತು.

ಹವಳ, ಮುತ್ತು ಪೋಣಿಸುವಾಗ ಮಣಿಗೊಂದು ಗಂಟು ಹಾಕಬೇಕು. ಒಂದಕ್ಕೊಂದು ಉಜ್ಜಿ ಸವೆಯುವುದಿಲ್ಲ, ದಾರ ಎಲ್ಲಾದರೂ ತುಂಡಾದರೆ ಉದುರುವುದು ಒಂದೇ ಮಣಿ. ಹೇಳಲಿಕ್ಕೆ ಸುಲಭ. ಗಂಟನ್ನು ಸಡಿಲವಾಗಿ ಹಾಕಿ, ಅದರ ಕಣ್ಣಿಗೆ ಸೂಜಿ ತೂರಿಸಿ, ಸೂಜಿಯಿಂದಲೇ ಅದನ್ನು ಮಣಿಯ ಬುಡದವರೆಗೆ ಜಾರಿಸಿಕೊಂಡು ಹೋಗಿ, ಅಲ್ಲಿ ಸೂಜಿ ಕಳಚಿ ಬಿಗಿಯಬೇಕು. ಅವಸರ ಪಟ್ಟರೆ ಗಂಟು ಅರ್ಧ ಸಾಸಿವೆಯಷ್ಟು ದೂರದಲ್ಲೇ ಕಚ್ಚಿಕೊಳ್ಳುತ್ತದೆ. ರೇಷ್ಮೆ ದಾರದಲ್ಲಿ ಕಚ್ಚಿದ ಗಂಟು ಬಿಚ್ಚುವವನು ಇನ್ನೂ ಹುಟ್ಟಿಲ್ಲ. ನಾನು ಆ ಸರವನ್ನು ನಾಲ್ಕು ಸಲ ಕತ್ತರಿಸಿದೆ. ಐದನೆಯದು ನಿಂತಿತು. ಈಗಲೂ ಅವಳ ಕೊರಳಲ್ಲಿದೆ.

ಅಲ್ಲಿಂದ ಅಂಟಿಕೊಂಡಿದ್ದು ಬಿಡಲಿಲ್ಲ. ಕ್ಯಾಶ್ ಕೌಂಟರಿನಲ್ಲಿ ನೂರರ ಕಂತೆ ಎಣಿಸಿ ಎಣಿಸಿ ಪಳಗಿದ ಬೆರಳುಗಳು ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲು ಒಪ್ಪುತ್ತಿರಲಿಲ್ಲ ಅಂತ ಕಾಣುತ್ತೆ. ಅಂಗಡಿಯವರು ಮಣಿಯನ್ನು ದಾರಕ್ಕೆ ಪೋಣಿಸಿ ಲೈನಿನ ಲೆಕ್ಕದಲ್ಲಿ ಮಾರುತ್ತಾರೆ. ಆರು ಎಂಎಂ ಮಣಿಯಾದರೆ ಹದಿನಾರು ಇಂಚಿನ ಒಂದು ಲೈನಿನಲ್ಲಿ ಅರವತ್ತೇಳರ ಆಸುಪಾಸು ಬರಬೇಕು. ಅರವತ್ತೊಂದಕ್ಕೇ ಮುಗಿಯಿತೆಂದರೆ ಯಾರೋ ದಾರದ ಗಂಟನ್ನು ಒಳಕ್ಕೆ ಹಾಕಿದ್ದಾರೆ ಅಂತ ಲೆಕ್ಕ. ಇಂಥದ್ದನ್ನು ಹಿಡಿದಾಗ ಆಗುವ ಸಂತೋಷ ಬ್ಯಾಂಕಿನ ಆಡಿಟಿನಲ್ಲೂ ಆಗಿರಲಿಲ್ಲ.

ಈ ಸಲ ಕೈಯಲ್ಲಿದ್ದುದು ಚನ್ನಪಟ್ಟಣದ ಮಣಿ. ಮೈಸೂರಿಗೆ ಹೋಗುವಾಗ ಇಳಿದು ತಂದಿದ್ದೆ. ಹಾಲೆ ಮರದ ತುಂಡು ಲೇಥಿನಲ್ಲಿ ಗರಗರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಆಮೇಲೆ ಒಣಗಿದ ಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು. ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದೆ. ಕುಂಕುಮದ ಬಣ್ಣದ್ದು, ಸಾಸಿವೆ ಬಣ್ಣದ್ದು ತಂದೆ. ಮರದ ಮಣಿಗೆ ರೇಷ್ಮೆ ಗಂಟು ಒಪ್ಪುವುದಿಲ್ಲ, ಗೇರ್ ವೈರ್ ಬೇಕು. ಉಕ್ಕಿನ ಸಣ್ಣ ಎಳೆಗಳಿಗೆ ನೈಲಾನ್ ಹೊದಿಸಿದ ತಂತಿ ಅದು. ಅದರ ತುದಿಯನ್ನು ಕೊಕ್ಕೆಗೆ ಸೇರಿಸಿ ಹಿಡಿಯಲು ಗೇರ್ ಲಾಕ್ ಅನ್ನುವ ಪುಟ್ಟ ಲೋಹದ ಮಣಿ. ಪ್ಲೈಯರಿನಿಂದ ಅಮುಕಿದರೆ ಕಚ್ಚಿಕೊಳ್ಳುತ್ತದೆ.

ಮಾಮೂಲ್‌ಪೇಟೆಗೆ ಹೋದದ್ದು ಇವೆರಡಕ್ಕೇ. ಸುಳ್ಳು ಹೇಳಿ ಎರಡು ನಿಮಿಷ ಆಗಿರಲಿಲ್ಲ, ಹುಡುಗ ಚೀಟಿಯಿಂದ ತಲೆಯೆತ್ತಿದ.

"ಗೇರ್ ವೈರ್ ಅಂತ ಬರ್ದಿದಾರೆ, ಸೈಜ್ ಬರ್ದಿಲ್ಲ. ಮೇಡಂಗೊಂದು ಫೋನ್ ಮಾಡಿಬಿಡಿ ಅಂಕಲ್."

ಸೈಜು ನನ್ನ ನಾಲಿಗೆಯ ಮೇಲೇ ಇತ್ತು. 0.38. ಹೇಳಿದರೆ ಸಿಕ್ಕಿಬೀಳುತ್ತೇನೆ. ಅರವತ್ಮೂರು ವರ್ಷದ ಮನುಷ್ಯ, ಪೆದ್ದನ ಹಾಗೆ ಜೇಬಿನಿಂದ ಫೋನು ತೆಗೆದೆ.

"ಏನ್ರೀ? ಯಾವ ವೈರು? ಗೀಜರ್‌ದಾ?"

"ಅಲ್ವೇ, ಗೇರ್ ವೈರು... ಸೈಜು..."

"ಕೇಳಿಸ್ತಿಲ್ಲ, ಜೋರಾಗಿ ಹೇಳಿ!"

"ಕೊಡಿ ಅಂಕಲ್, ನಾನ್ ಕೇಳ್ತೀನಿ" ಅಂತ ಹುಡುಗ ಫೋನು ತಗೊಂಡ. ತಗೊಂಡವನು ಸ್ಪೀಕರ್ ಬೇರೆ ಒತ್ತಿದ. "ಮೇಡಂ, ಗೇರ್ ವೈರ್ ಯಾವ ಸೈಜ್ ಕೊಡ್ಲಿ?"

"ಅಯ್ಯೋ, ನನ್ನೇನ್ ಕೇಳ್ತೀಯಪ್ಪಾ. ನಂಗೆ ಅದರ ಗಂಧಗಾಳಿನೂ ಇಲ್ಲ. ಎಲ್ಲಾ ನಮ್ಮನೆಯವರೇ ಮಾಡೋದು. ಪಕ್ಕದಲ್ಲೇ ಇದಾರಲ್ಲ, ಅವರನ್ನೇ ಕೇಳು."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ನಕ್ಕುಬಿಟ್ಟಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿದ್ದ ಒಬ್ಬ ಹೆಣ್ಣುಮಗಳು ಮಾತ್ರ ಕೈಯಲ್ಲಿದ್ದ ಮುತ್ತಿನ ಲೈನನ್ನು ಬಹಳ ಶ್ರದ್ಧೆಯಿಂದ ಬೆಳಕಿಗೆ ಹಿಡಿದು ನೋಡತೊಡಗಿದಳು.

ಹುಡುಗನಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. "ಓ, ನೀವೇ ಮಾಡ್ತೀರಾ? ಮೊದ್ಲೇ ಹೇಳೋದಲ್ವಾ ಸಾರ್!" ಅಂಕಲ್ ಹೋಗಿ ಸಾರ್ ಆದೆ. ಒಳಗಿನಿಂದ ಸ್ಟೂಲು ಬಂತು. "ಕೂತ್ಕೊಳಿ ಸಾರ್. ಅಂಗಡಿ ಎಲ್ಲಿದೆ? ಜಿಎಸ್‌ಟಿ ನಂಬರ್ ಇದ್ರೆ ಹೇಳಿ, ಹೋಲ್‌ಸೇಲ್ ರೇಟಲ್ಲೇ ಬಿಲ್ ಹಾಕ್ತೀನಿ."

ಅಂಗಡಿಯೂ ಇಲ್ಲ, ವ್ಯಾಪಾರವೂ ಇಲ್ಲ, ಸುಮ್ಮನೆ ಖುಷಿಗೆ ಮಾಡುತ್ತೇನೆ ಅಂತ ಹೇಳಬಹುದಿತ್ತು. "ಅಂಗಡಿ ಇಲ್ಲ, ಮನೆಯಿಂದಲೇ" ಅಂದೆ. ಅದು ಎರಡನೆಯದು. ಜಿಎಸ್‌ಟಿ ಇಲ್ಲದೆಯೂ ಅವನು ಹೋಲ್‌ಸೇಲ್ ರೇಟೇ ಹಾಕಿದ, ನಾನು ಸುಮ್ಮನೆ ಹಾಕಿಸಿಕೊಂಡೆ.

ಇಲ್ಲೊಂದು ಮಾತು ಹೇಳದಿದ್ದರೆ ಮೂರನೆಯದೂ ಆಗುತ್ತದೆ. ಆ ಮುತ್ತಿನ ಲೈನು ಹಿಡಿದಿದ್ದ ಹೆಣ್ಣುಮಗಳು ನನಗಿಂತ ಮುಂಚೆಯೇ ಬಂದವಳು. ಕೈಯಲ್ಲಿ ನೋಟ್‌ಬುಕ್, ಅದರಲ್ಲಿ ಆರ್ಡರುಗಳು, ಹೆಸರಿನ ಎದುರಿಗೆ ಮುಂಗಡ ಇಷ್ಟು, ಬಾಕಿ ಇಷ್ಟು ಅಂತ. ನನ್ನದು ಕ್ಯಾಶಿಯರ್ ಕಣ್ಣು, ಲೆಕ್ಕದ ಪುಸ್ತಕ ತಲೆಕೆಳಗಾಗಿದ್ದರೂ ಓದುತ್ತದೆ. ಅವಳು ನಲವತ್ತು ಲೈನು ತೆಗೆದುಕೊಳ್ಳುತ್ತೇನೆ, ಹೋಲ್‌ಸೇಲ್ ರೇಟು ಹಾಕು ಅಂತ ಕೇಳಿದ್ದಳು. "ಮೇಡಂ, ಅದು ಅಂಗಡಿಯವ್ರಿಗೆ" ಅಂದಿದ್ದ ಇದೇ ಹುಡುಗ. ನಾನು ಕೊಂಡದ್ದು ಒಂದು ಉಂಡೆ ತಂತಿ, ಒಂದು ಪೊಟ್ಟಣ ಲಾಕು. ನನಗೆ ಸ್ಟೂಲು.

ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿದಾಗ ನನಗೆ ಇದೆಲ್ಲ ಕಂಡಿತ್ತು ಅಂತ ತಿಳಿಯಬೇಡಿ. ಆಗ ತಲೆಯಲ್ಲಿ ಓಡುತ್ತಿದ್ದುದು ನನ್ನ ಅವಮಾನವೇ. ದಾವಣಗೆರೆಯಲ್ಲಿ ನಾನು ಸಣ್ಣವನಿದ್ದಾಗ ಬೆಳ್ಳಿಬಂಗಾರದ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಪಟವೇಗಾರ ಕೂರುತ್ತಿದ್ದ. ಚಾಚಿದ ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಎರಡೂ ಕೈ ಆಡಿಸುತ್ತ, ಗುಂಡಿನ ಸರಕ್ಕೆ ರೇಷ್ಮೆಯ ಗೊಂಡೆ ಕಟ್ಟುತ್ತಿದ್ದ. ಊರಿನ ಹೆಂಗಸರ ಕರಿಮಣಿಯೆಲ್ಲ ಅವನ ಕಾಲ್ಬೆರಳಿಂದಲೇ ಹಾದು ಹೋಗಿರಬೇಕು. ಇದು ಹೆಂಗಸರ ಕೆಲಸವಲ್ಲವೇನೋ ಅಂತ ಅವನನ್ನು ಯಾರು ಕೇಳಿದರು? ಬಳೆ ತೊಡಿಸುವವನು ಬಳೆಗಾರ. ರವಿಕೆ ಹೊಲಿಯುವವನು ದರ್ಜಿ. ಹೂವಿನದೂ ಅಷ್ಟೆ: ಬೀದಿ ಬದಿಯಲ್ಲಿ ಮೊಳದ ಲೆಕ್ಕದಲ್ಲಿ ಮಾರುವವಳು ಹೆಂಗಸು, ಮದುವೆ ಹಾರದ ಕಂಟ್ರಾಕ್ಟು ಹಿಡಿದವನು ಗಂಡಸು. ಕಾಸು ಹುಟ್ಟುವ ಜಾಗದಲ್ಲಿ ಸೂಜಿ ದಾರ ಯಾವತ್ತೂ ಗಂಡಸಿನ ಕೈಯಲ್ಲೇ ಇತ್ತು, ಖುಷಿಗೆ ಅಂದಾಗ ಮಾತ್ರ ಅದು ಹೆಂಗಸರದ್ದಾಯಿತು. ಇದನ್ನು ನನ್ನ ಪರ ಲಾಯರಿನಂತೆ ವಾದ ಮಾಡಿಕೊಳ್ಳುತ್ತ ಬಂದೆ. ರೈಲು ಸುರಂಗ ಬಿಟ್ಟು ಮೇಲೆ ಬಂದು ಶ್ರೀರಾಂಪುರದ ಬಿಸಿಲು ಮುಖಕ್ಕೆ ಬೀಳುವ ಹೊತ್ತಿಗೆ ನಾನು ಭಾರೀ ನೊಂದ ಮನುಷ್ಯನಾಗಿಬಿಟ್ಟಿದ್ದೆ.

ನೊಂದ ಮನುಷ್ಯನಿಗೆ ಭಾಮೈದ ಬೇರೆ ನೆನಪಾದ. ಅವನು ಹಳೇ ರೇಡಿಯೋ ಕೂಡಿಡುತ್ತಾನೆ. ಮನೆಯಲ್ಲಿ ಹನ್ನೊಂದಿವೆ, ಮಾತಾಡುವುದು ಎರಡು. ಬಂದವರೆಲ್ಲ "ಎಂಥಾ ಕಲೆಕ್ಷನ್!" ಅನ್ನುತ್ತಾರೆ. ನಾನು ಮಣಿಯ ತಟ್ಟೆ ಮುಂದಿಟ್ಟುಕೊಂಡು ಕೂತದ್ದು ನೋಡಿ ಅವನು ಅಂದಿದ್ದು, "ಭಾವ, ಹೊತ್ತು ಹೋಗಲ್ಲ ಅಂದ್ರೆ ನಮ್ಮ ಲಾಫಿಂಗ್ ಕ್ಲಬ್‌ಗೆ ಬನ್ನಿ." ಒಳ್ಳೆಯವನೇ, ಆದರೆ ಬೇರೆಯವರ ಹೊತ್ತಿನ ಬಗ್ಗೆ ಅವನಿಗೆ ಬಹಳ ಚಿಂತೆ.

ಮನೆಗೆ ಬಂದರೆ ನಮ್ಮಾಕೆ ಅವರೆ ಹಿದುಕುತ್ತ ಕೂತಿದ್ದಳು. ರಾತ್ರಿ ನೆನೆಸಿಟ್ಟ ಕಾಳು. ಒಂದು ತಟ್ಟೆ ನನ್ನ ಮುಂದೂ ಸರಿಸಿದಳು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಟಕ್ಕನೆ ಆಚೆ, ಸಿಪ್ಪೆ ಈಚೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

"ಅಲ್ರೀ, ನನ್ನ ಹೆಸರು ಯಾಕ್ ಹೇಳಿದ್ರಿ?"

"ಬಾಯಿಗೆ ಬಂತು."

"ಬರುತ್ತೆ." ಮತ್ತೆ ನಾಲ್ಕು ಕಾಳು. "ನಾನು ಸ್ಕೂಟಿ ತಗೊಂಡ ಹೊಸದರಲ್ಲಿ ಆ ಮೆಕ್ಯಾನಿಕ್ ಇದ್ನಲ್ಲ. ಹೋದಾಗಲೆಲ್ಲ 'ಸಾರ್‌ನ ಕಳಿಸಿ ಮೇಡಂ, ಮಾತಾಡ್ತೀನಿ' ಅನ್ನೋನು. ನೆನಪಿದ್ಯಾ?"

ನನಗೆ ನೆನಪಿರಲಿಲ್ಲ. ನೆನಪಿರಬೇಕಾದ ಅಗತ್ಯ ನನಗೆ ಬಿದ್ದಿರಲಿಲ್ಲ.

"ನಿಮಗೆ ಗಾಡಿ ಬಗ್ಗೆ ಪೆಟ್ರೋಲ್ ಹಾಕ್ಸೋದು ಬಿಟ್ರೆ ಇನ್ನೇನ್ ಗೊತ್ತಿತ್ತು? ಆದ್ರೂ ಸಾರೇ ಬರ್ಬೇಕು. ನಾನೇನು ಅಂತಿದ್ದೆ ಗೊತ್ತಾ? ಗಾಡಿ ನಂದು ಕಣಪ್ಪಾ, ಕಾರ್ಬೊರೇಟರ್ ಬಿಚ್ಚು, ನಾನು ನೋಡ್ತೀನಿ ಅಂತ. ಒಂದು ದಿನಾನೂ ಸಾರ್ ಕಳಿಸಿದ್ರು ಅಂತ ಅನ್ಲಿಲ್ಲ ನಾನು."

ಸಿಟ್ಟಿನಿಂದ ಹೇಳಿದ್ದಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಲೆಕ್ಕ ತಪ್ಪಿದ ಹುಡುಗನಿಗೆ ಎಲ್ಲಿ ತಪ್ಪಿತು ಅಂತ ತೋರಿಸುವ ಧಾಟಿಯೇ ಹಾಗೆ. ಶ್ರೀರಾಂಪುರದವರೆಗೆ ಕಟ್ಟಿಕೊಂಡು ಬಂದಿದ್ದ ನನ್ನ ವಾದ ಅಲ್ಲೇ ಅವರೆಸಿಪ್ಪೆಯ ಜೊತೆ ಸೇರಿಹೋಯಿತು. ಅವಳಿಗೆ ಎಷ್ಟೋ ವರ್ಷ ಪ್ರತಿ ಸರ್ವೀಸಿಗೂ ಸಿಕ್ಕಿದ್ದು ನನಗೆ ಒಂದು ಮಧ್ಯಾಹ್ನ ಸಿಕ್ಕಿತು. ಅದರಲ್ಲೂ ಅವಳಿಗೆ ಯಾರೂ ಸ್ಟೂಲು ಹಾಕಿರಲಿಲ್ಲ. ಆ ನೋಟ್‌ಬುಕ್ಕಿನ ಹೆಣ್ಣುಮಗಳು ಆಗ ನೆನಪಾದಳು. ಅಲ್ಲಿ ನಿಂತಿದ್ದಾಗ ಅವಳ ಪುಸ್ತಕ ತಲೆಕೆಳಗಾಗಿ ಓದಿದ್ದೆ. ನೇರವಾಗಿ ಓದಿದ್ದು ಅವರೆ ತಟ್ಟೆಯ ಮುಂದೆ.

"ಈಯಮ್ಮ ನಲವತ್ತು ಲೈನ್ ತಗೋತಾ ಇದಾರೆ, ಅವರಿಗೆ ಹಾಕಪ್ಪಾ ಆ ರೇಟು." ಹೀಗೆ ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಬುಧವಾರ, ಗುರುವಾರ ಎರಡು ದಿನವೂ ವಾಕಿಂಗ್ ಹೋಗುವಾಗ ಮನಸ್ಸಿನಲ್ಲೇ ಹೇಳಿಕೊಂಡೆ. ಪ್ರತಿ ಸಲವೂ ಬಹಳ ಚೆನ್ನಾಗಿ ಹೇಳಿದೆ.

ಶುಕ್ರವಾರ ಸರ ಮುಗಿಸಿದೆ. ಎರಡು ಕುಂಕುಮ, ಒಂದು ಸಾಸಿವೆ, ನಡುನಡುವೆ ಹಿತ್ತಾಳೆಯ ಗುಂಡು. ತಂತಿಯ ಬಾಲವನ್ನು ಮಣಿಗಳ ಒಳಕ್ಕೇ ವಾಪಸು ತೂರಿಸಿದೆ. ಮೊದಲ ಸಲ ಅದನ್ನು ಬಿಟ್ಟು ಅವಳ ಕತ್ತಿನ ಹಿಂದೆ ಗೀರಿ, ಒಂದು ವಾರ ಅರಿಶಿನ ಹಚ್ಚಿಕೊಂಡು ಓಡಾಡಿದ್ದಳು. ಲಾಕ್ ಅಮುಕಿ, ಕೊಕ್ಕೆ ಹಿಡಿದು ಎತ್ತಿ ತೋರಿಸಿದೆ. ಒಂದು ಕ್ಷಣ ಚೆನ್ನಾಗಿಯೇ ಇತ್ತು. ಆಮೇಲೆ ತಂತಿ ಲಾಕಿನೊಳಗಿಂದ ಮೆಲ್ಲಗೆ ಜಾರಿತು, ಮಣಿಗಳೆಲ್ಲ ಮೊಸಾಯಿಕ್ ನೆಲದ ಮೇಲೆ ಟಪಟಪ.

"ಹೆಚ್ಚಿತು" ಅಂದಳು ಅಡುಗೆಮನೆಯಿಂದ, ಬಂದು ನೋಡದೆಯೇ.

ಪೊಟ್ಟಣ ತಿರುಗಿಸಿ ನೋಡಿದೆ. ಮೂರು ಎಂಎಂ. ನಮ್ಮ ತಂತಿಗೆ ಬೇಕಾದ್ದು ಎರಡು. ಮಂಗಳವಾರ ಅದನ್ನು ಕೌಂಟರಿನ ಮೇಲಿಟ್ಟಾಗ ಹುಡುಗ ಸಾರ್ ಸಾರ್ ಅನ್ನುತ್ತಿದ್ದ. ನಾನು ಸ್ಟೂಲಿನ ಮೇಲೆ ಕೂತು ತಲೆಯಾಡಿಸಿದ್ದೆ, ಪೊಟ್ಟಣ ಓದಿರಲಿಲ್ಲ. ಫ್ರಿಜ್ಜಿನ ಕೆಳಗಿಂದ ಕೊನೆಯ ಸಾಸಿವೆ ಮಣಿಯನ್ನು ಪೊರಕೆ ಕಡ್ಡಿಯಲ್ಲಿ ಎಳೆಯುವಷ್ಟರಲ್ಲಿ ಸೊಂಟ ಹಿಡಿಯಿತು.

ಇವತ್ತು ಬೆಳಿಗ್ಗೆ ಮತ್ತೆ ಚೀಟಿ ಬರೆದೆ. ಗೇರ್ ಲಾಕ್, ಒಂದು ಪ್ಯಾಕೆಟ್, 2 ಎಂಎಂ. ಸೈಜಿನ ಕೆಳಗೆ ಎರಡು ಗೆರೆ ಎಳೆದೆ. ಚಪ್ಪಲಿ ಹುಡುಕುತ್ತಿದ್ದಾಗ ನಮ್ಮಾಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದಳು. ಅವಳಿಗೆ ಅವೆನ್ಯೂ ರಸ್ತೆಯಲ್ಲಿ ಪುಸ್ತಕದ ಕೆಲಸವಿತ್ತಂತೆ.

"ಕೊಡಿ ಇಲ್ಲಿ ಚೀಟಿ" ಅಂದಳು. "ಸಾರ್ ಲಿಸ್ಟ್ ಕೊಟ್ಟಿದಾರೆ ಅಂತೀನಿ."