ಹಳೇ ಕಲ್ಲಿಗೆ ಸಿಮೆಂಟು ಬೇಡ

ಮುಂಬೈನ ಕಾಲಾ ಘೋಡಾದ ಡೇವಿಡ್ ಸಸೂನ್ ಲೈಬ್ರರಿ 1870ರದ್ದು, ಹಳದಿ ಮಾಲಾಡ್ ಕಲ್ಲಿನ ಕಟ್ಟಡ. ಇಂಥ ಗೋಡೆಯ ಸಂದಿಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಸಂದಿಯಿಂದ ಆರುವುದಿಲ್ಲ, ಕಲ್ಲಿನ ಮೂಲಕವೇ ಹೊರಬರಬೇಕು. ಜೊತೆಗೆ ಬಂದ ಉಪ್ಪು ಕಲ್ಲಿನೊಳಗೇ ಹರಳುಗಟ್ಟುತ್ತದೆ. ಆಮೇಲೆ ಬೆರಳಲ್ಲಿ ಉಜ್ಜಿದರೂ ಹಪ್ಪಳದ ಹಾಗೆ ಪದರ ಉದುರುತ್ತದೆ. ನೂರೈವತ್ತು ಮಳೆಗಾಲ ತಡೆದ ಕಲ್ಲು ನಮ್ಮ ರಿಪೇರಿಯಿಂದ ಸಾಯುವುದು ಎಂಥಾ ಅನ್ಯಾಯ!

ಸಂದಿಯ ಅಗಲದ ಎರಡರಷ್ಟು ಆಳ ಹಳೇ ಗಾರೆಯನ್ನು ಉಳಿಯಿಂದ ಕೆರೆಯಿರಿ. ಗ್ರೈಂಡರ್ ಬೇಡವೇ ಬೇಡ, ಅಂಚು ಹೋದರೆ ಹೋಯಿತು. ತೊಳೆದು, ಒದ್ದೆ ಮಾಡಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಒತ್ತಿ ತುಂಬಿ. ಏಳೆಂಟು ದಿನ ಒದ್ದೆ ಗೋಣಿತಾಟು ಹೊದಿಸಿಡಿ. ಬೇಗ ಒಣಗಿದ ಗಾರೆ ಪುಡಿಯಾಗುತ್ತದೆ. ಕೆಲಸ ಶುರುಮಾಡುವುದು ದೀಪಾವಳಿ ಆದಮೇಲೆ.